ಸತ್ತವರ ಲೆಕ್ಕ ಎಲ್ಲಿ? ಕನ್ನಡದ ವಿಕಾಸವಾದವನ್ನು ಊರಿನ ಬಳಗದಲ್ಲಿ ಕೂತು ಓದುವ ಕ್ರಮ

ಕನ್ನಡದ ಚಿಂತಕರು ಡಾರ್ವಿನ್‌ನನ್ನು ಒಪ್ಪಿದರೋ ಇಲ್ಲವೋ ಎಂಬ ಪ್ರಶ್ನೆ ಇಟ್ಟುಕೊಂಡು ಓದಲು ಕೂತರೆ ಎರಡನೇ ವಾರಕ್ಕೆ ಜಗಳ, ಮೂರನೇ ವಾರಕ್ಕೆ ಖಾಲಿ ಚಾಪೆ. ಪ್ರಶ್ನೆಯೇ ಸರಿಯಿಲ್ಲ. ‘ವಿಕಾಸ’ ಎಂಬ ಒಂದು ಮಾತಿನ ಸೂರಿನಡಿ ಕನಿಷ್ಠ ನಾಲ್ಕು ವಿಚಾರಗಳು ಸಂಸಾರ ಮಾಡಿಕೊಂಡಿವೆ. ಒಬ್ಬರು ಒಪ್ಪಿದ್ದು ಒಂದನ್ನು, ಇನ್ನೊಬ್ಬರು ತಳ್ಳಿದ್ದು ಮತ್ತೊಂದನ್ನು. ಮೊದಲು ಕೇಳಬೇಕಾದದ್ದು: ಈ ವಾಕ್ಯದಲ್ಲಿರುವುದು ಯಾವ ವಿಕಾಸ? ಅದನ್ನು ವಾಕ್ಯ ವಾಕ್ಯವಾಗಿ ಪತ್ತೆ ಹಚ್ಚುವ ಕೆಲಸಕ್ಕೆ ಆರು ಭಾನುವಾರ ಸಾಕು. ಶಿವಮೊಗ್ಗ, ತೀರ್ಥಹಳ್ಳಿ, ಸಾಗರ, ಕೊಪ್ಪದ ಕಡೆಯ ಬಳಗಗಳಿಗೆ ಹೊಂದುವಂತೆ ಕ್ರಮ ಕೆಳಗಿದೆ.

ಜನ, ಸಮಯ, ಸಾಮಾನು

ಆರರಿಂದ ಹತ್ತು ಜನ ಇರಲಿ. ಆರಕ್ಕಿಂತ ಕಡಿಮೆಯಾದರೆ ಒಬ್ಬರೇ ಮಾತಾಡುತ್ತಾರೆ, ಹತ್ತು ದಾಟಿದರೆ ಪುಸ್ತಕದಿಂದ ವಾಕ್ಯ ಆರಿಸಿ ಬರೆದ ಎಲ್ಲರ ಚೀಟಿ ಓದಲು ಹೊತ್ತು ಸಾಲುವುದಿಲ್ಲ. ಒಂದು ಕೂಟಕ್ಕೆ ಎರಡು ಗಂಟೆ.

ಮಲೆನಾಡಿನಲ್ಲಿ ಇದಕ್ಕೆ ಹೊಂದುವ ಕಾಲ ಆಗಸ್ಟ್ ಮಧ್ಯದಿಂದ ಸೆಪ್ಟೆಂಬರ್ ಕೊನೆ. ನಟ್ಟಿ ಮುಗಿದಿರುತ್ತದೆ, ಅಡಿಕೆಗೆ ಎರಡನೇ ಸಲದ ಔಷಧಿಯೂ ಹೊಡೆದಾಗಿರುತ್ತದೆ, ಕೊನೆಕೊಯ್ಲು ಇನ್ನೂ ದೂರ. ತೊಂದರೆ ಕರೆಂಟಿನದು. ಮೊಬೈಲಿನಲ್ಲಿ ಓದುತ್ತೇವೆ ಎಂದು ಬಂದವರು ಹೊತ್ತು ಮುಳುಗುವಷ್ಟರಲ್ಲಿ ಸುಮ್ಮನೆ ಕೂರುತ್ತಾರೆ. ಓದುವ ಪುಟಗಳನ್ನು ಶನಿವಾರವೇ ಜೆರಾಕ್ಸ್ ಮಾಡಿಸಿ, ತಲಾ ಒಂದು ಪ್ರತಿ. ಒಂದು ಕೂಟಕ್ಕೆ ಹತ್ತು ಪುಟಕ್ಕಿಂತ ಹೆಚ್ಚು ಬೇಡ.

ಚೀಟಿಗಳು ಬೇಕು. ಒಬ್ಬರಿಗೆ ವಾರಕ್ಕೆ ನಾಲ್ಕು, ಎಂಟು ಜನ, ಆರು ವಾರ: 192. ಇನ್ನೂರು ಮಾಡಿಟ್ಟುಕೊಳ್ಳಿ. ಹಳೆಯ ಲಗ್ನಪತ್ರಿಕೆಯ ಹಿಂಬದಿ ದಪ್ಪವಿರುತ್ತದೆ, ಮಳೆಗಾಲದ ತೇವಕ್ಕೆ ಬಾಗುವುದಿಲ್ಲ. ಅಂಗೈಯಷ್ಟು ಅಗಲಕ್ಕೆ ಕತ್ತರಿಸಿ. ಬರೆಯಲು ಬಾಲ್ ಪೆನ್ನೇ ಆಗಬೇಕು, ಶಾಯಿ ಪೆನ್ನಿನ ಅಕ್ಷರ ಮಳೆಗಾಲದ ಗಾಳಿಗೇ ಹರಡುತ್ತದೆ.

ಓದಲು ಇಷ್ಟು ಸಾಕು: ಡಾರ್ವಿನ್‌ನ 1859ರ ಪುಸ್ತಕ ‘ಜೀವಜಾತಿಗಳ ಉಗಮ’ದ ಮೂರು ಮತ್ತು ನಾಲ್ಕನೇ ಅಧ್ಯಾಯಗಳಿಂದ ಆಯ್ದ ಪುಟಗಳು, ವಿವೇಕಾನಂದರ ‘ರಾಜಯೋಗ’ದಲ್ಲಿ ಪತಂಜಲಿಯ ನಾಲ್ಕನೇ ಪಾದದ ಮೊದಲ ಕೆಲವು ಸೂತ್ರಗಳ ವ್ಯಾಖ್ಯಾನ, ಕುವೆಂಪು ಅವರ ವೈಚಾರಿಕ ಲೇಖನಗಳು, ಶಿವರಾಮ ಕಾರಂತರ ‘ವಿಜ್ಞಾನ ಪ್ರಪಂಚ’ದಲ್ಲಿ ಜೀವಿಗಳ ಭಾಗ, ತೇಜಸ್ವಿಯವರ ‘ಕರ್ವಾಲೊ’. ಜೊತೆಗೆ ಹತ್ತನೇ ತರಗತಿಯ ವಿಜ್ಞಾನ ಪುಸ್ತಕ, ಆದರೆ ಹಳೆಯ ಮುದ್ರಣ. ಎನ್‌ಸಿಇಆರ್‌ಟಿ ಆ ತರಗತಿಯ ಪುಸ್ತಕದಿಂದ ವಿಕಾಸದ ಭಾಗವನ್ನು ಕೈಬಿಟ್ಟಿದೆ. ಊರಲ್ಲಿ ಐದಾರು ವರ್ಷದ ಹಿಂದೆ ಎಸ್ಸೆಸ್ಸೆಲ್ಸಿ ಮುಗಿಸಿದ ಹುಡುಗರ ಅಟ್ಟದಲ್ಲಿ ವಿಚಾರಿಸಿ. 1918ರಲ್ಲಿ ಬೆಳ್ಳಾವೆ ವೆಂಕಟನಾರಣಪ್ಪ ಮತ್ತು ನಂಗಪುರಂ ವೆಂಕಟೇಶ ಅಯ್ಯಂಗಾರ್ ಹೊರತಂದ ‘ವಿಜ್ಞಾನ’ ಮಾಸಪತ್ರಿಕೆಯ ಬಿಡಿ ಸಂಚಿಕೆ ಯಾವುದಾದರೂ ಹಳೆಯ ಗ್ರಂಥಾಲಯದಲ್ಲಿ ಸಿಕ್ಕರೆ ಅದೃಷ್ಟ. ಕನ್ನಡದಲ್ಲಿ ವಿಜ್ಞಾನದ ಮಾತು ರೂಪುಗೊಳ್ಳುತ್ತಿದ್ದ ಕಾಲದ್ದು ಅದು, ಪದಗಳಿಗೋಸ್ಕರವೇ ಓದಬೇಕು.

ಮೊದಲ ಕೂಟ: ಆನೆಯ ಲೆಕ್ಕ, ಅಲಸಂದೆ ಕಾಳು

ಕನ್ನಡದವರನ್ನು ಮುಟ್ಟುವ ಮೊದಲು ಡಾರ್ವಿನ್ ಹೇಳಿದ್ದೇನು ಎಂಬುದು ಎಲ್ಲರ ಕೈಗೆ ಬರಬೇಕು. ಹೆಚ್ಚಿನ ಬಳಗಗಳು ಈ ಕೂಟವನ್ನು ಹಾರಿಸುತ್ತವೆ, ‘ಅದು ಗೊತ್ತಿರುವುದೇ’ ಅಂತ. ಮುಂದೆ ಕೆಡುವುದೆಲ್ಲ ಇಲ್ಲಿಂದಲೇ.

ಆನೆಯಿಂದ ಶುರು ಮಾಡಿ. ಸಕ್ರೆಬೈಲಿನ ಬಿಡಾರವನ್ನು ನೋಡದವರು ಬಳಗದಲ್ಲಿ ಇರುವುದಿಲ್ಲ. ಎಲ್ಲಕ್ಕಿಂತ ನಿಧಾನವಾಗಿ ಮರಿಹಾಕುವ ಪ್ರಾಣಿ ಎಂದು ಡಾರ್ವಿನ್ ಆನೆಯನ್ನೇ ಆರಿಸಿಕೊಂಡ. ಮೂವತ್ತನೇ ವಯಸ್ಸಿಗೆ ಮರಿಹಾಕಲು ಶುರು, ತೊಂಬತ್ತಕ್ಕೆ ಕೊನೆ, ಅಷ್ಟರಲ್ಲಿ ಮೂರು ಜೊತೆ ಮರಿ. ಒಂದೂ ಅಕಾಲಕ್ಕೆ ಸಾಯದಿದ್ದರೆ? ಮೊದಲ ಮುದ್ರಣದಲ್ಲಿ 500 ವರ್ಷಕ್ಕೆ ಒಂದೂವರೆ ಕೋಟಿ ಆನೆ ಎಂದು ಬರೆದ. ಆ ಗಣಿತ ತಪ್ಪಾಗಿತ್ತು. ಓದುಗರು ತೋರಿಸಿಕೊಟ್ಟ ಮೇಲೆ ತಿದ್ದಿ, 740ರಿಂದ 750 ವರ್ಷಕ್ಕೆ ಸುಮಾರು ಒಂದು ಕೋಟಿ ತೊಂಬತ್ತು ಲಕ್ಷ ಎಂದು ಮಾಡಿದ. ಎರಡೂ ಅಂಕಿಗಳನ್ನು ಹಲಗೆಯ ಮೇಲೆ ಬರೆದು ಒಂದೇ ಪ್ರಶ್ನೆ ಕೇಳಿ: ಹಾಗಾದರೆ ಗಾಜನೂರಿನ ಹಿನ್ನೀರು ಆನೆಯಿಂದ ಯಾಕೆ ತುಂಬಿಲ್ಲ? ಹುಟ್ಟಿದ್ದರಲ್ಲಿ ಬಹುಪಾಲು ಮರಿಹಾಕುವ ಮುಂಚೆಯೇ ಸಾಯುತ್ತದೆ. ಡಾರ್ವಿನ್‌ನ ವಿಚಾರ ನಿಂತಿರುವುದು ಈ ಸಾವಿನ ಲೆಕ್ಕದ ಮೇಲೆ.

ಆಮೇಲೆ ಅಂಗಳಕ್ಕೆ ಇಳಿಯಿರಿ. ಬಿಳಿ ಅಲಸಂದೆ 80, ಕೆಂಪು ಅಲಸಂದೆ 80 ಎಣಿಸಿಟ್ಟುಕೊಳ್ಳಿ. ಎರಡೂ ಒಂದೇ ಗಾತ್ರದವು ಆಗಬೇಕು. ಅಲಸಂದೆಯ ಜೊತೆ ಹುರುಳಿ ಬೆರೆಸಿದರೆ ಗೆದ್ದದ್ದು ಬಣ್ಣವೋ ಗಾತ್ರವೋ ತಿಳಿಯುವುದಿಲ್ಲ. ಕೆಮ್ಮಣ್ಣಿನ ನೆಲದಲ್ಲಿ ಒಂದು ಚಾಪೆಯಷ್ಟು ಜಾಗಕ್ಕೆ 40 ಬಿಳಿ, 40 ಕೆಂಪು ಕಾಳು ಎರಚಿ. ನಾಲ್ಕು ಜನ ಸುತ್ತ ನಿಂತು, ಒಂದೇ ಕೈಯಲ್ಲಿ, ಒಂದೊಂದೇ ಕಾಳು, ಕಣ್ಣಿಗೆ ಮೊದಲು ಬಿದ್ದದ್ದನ್ನು ಸರಸರನೆ ಹೆಕ್ಕಬೇಕು, ತಲಾ ಹತ್ತು. ನೆಲದಲ್ಲಿ 40 ಉಳಿಯುತ್ತದೆ. ಅದನ್ನು ಬಣ್ಣವಾರು ಎಣಿಸಿ ಬರೆದುಕೊಳ್ಳಿ. ಉಳಿದ ಪ್ರತಿ ಕಾಳಿಗೂ ಅದೇ ಬಣ್ಣದ ಇನ್ನೊಂದು ಕಾಳು ಸೇರಿಸಿದರೆ ಮತ್ತೆ 80. ಹೀಗೆ ಮೂರು ನಾಲ್ಕು ಸುತ್ತು. ಬಿಳಿ ಇಳಿಯುತ್ತಾ ಬರುತ್ತದೆ.

ಕೆಡುವ ಬಗೆಗಳು: ನೆಲ ಒದ್ದೆಯಾಗಿದ್ದರೆ ಕೆಂಪು ಕಾಳೂ ಮಿಂಚಿ ಕಣ್ಣಿಗೆ ಬೀಳುತ್ತದೆ, ಹಾಗಾಗಿ ಮಳೆ ಬಿಟ್ಟ ದಿನ ಮಾಡಿ, ಇಲ್ಲವೇ ಕೊಟ್ಟಿಗೆಯ ಜಗಲಿಯಲ್ಲಿ ಒಣ ಕೆಮ್ಮಣ್ಣು ಹರಡಿ. ಸಿಮೆಂಟಿನ ಅಂಗಳದಲ್ಲಿ ಏನೂ ತೋರುವುದಿಲ್ಲ. ನ್ಯಾಯವಾಗಿರಲಿ ಅಂತ ಒಂದು ಬಿಳಿ ಒಂದು ಕೆಂಪು ಹೆಕ್ಕುವ ಸಭ್ಯರು ಒಬ್ಬರಾದರೂ ಇರುತ್ತಾರೆ, ಅವರಿಗೆ ಎಣಿಸುವ ಕೆಲಸ ಕೊಡಿ. ಕೋಳಿ ಕಟ್ಟಿಹಾಕಿ.

ಕಡೆಯ ಸುತ್ತಿನ ಮೇಲೆ ಕೇಳಿ: ಕೆಂಪಾದದ್ದು ಯಾವ ಕಾಳು? ಉತ್ತರ ಬರಲು ಒಂದು ನಿಮಿಷ ಬಿಡಿ. ಯಾವ ಕಾಳೂ ಕೆಂಪಾಗಲಿಲ್ಲ. ಬದಲಾದದ್ದು ನೆಲದ ಮೇಲಿನ ಗುಂಪು. ಕಾಳಿಗೆ ಆಸೆ ಇರಲಿಲ್ಲ, ಹೆಕ್ಕಿದವರಿಗೆ ‘ಕೆಂಪು ಉಳಿಯಲಿ’ ಎಂಬ ಇರಾದೆಯೂ ಇರಲಿಲ್ಲ.

ಇಲ್ಲಿಗೆ ಮೂರು ಪ್ರಶ್ನೆಗಳ ಅಳತೆಗೋಲು ಸಿದ್ಧವಾಯಿತು. ಅದನ್ನು ದೊಡ್ಡ ಅಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿ, ಆರೂ ವಾರ ಅಲ್ಲೇ ಇರಲಿ. ಬದಲಾದದ್ದು ಒಂದು ಜೀವಿಯೋ, ಗುಂಪೋ? ಬದಲಾವಣೆಗೆ ಮೊದಲೇ ಗೊತ್ತಾದ ಗುರಿ ಇದೆಯೋ, ಇಲ್ಲವೋ? ಸತ್ತವರ ಲೆಕ್ಕ ಎಲ್ಲಿದೆ? ಮೂರರಲ್ಲಿ ಕಡೆಯದೇ ಹೆಚ್ಚು ಹರಿತ. ಡಾರ್ವಿನ್‌ನದಲ್ಲದ ವಿಕಾಸಗಳಲ್ಲಿ ಸಾಮಾನ್ಯವಾಗಿ ಯಾರೂ ಸಾಯುವುದಿಲ್ಲ.

ಎರಡನೇ ಕೂಟ: ಪದ

ಕಿಟೆಲ್ ನಿಘಂಟು ತೆರೆದು ‘ವಿಕಾಸ’ ಹುಡುಕಿ. ಮೊಗ್ಗು ಅರಳುವ ಅರ್ಥ ಎದುರಾಗುತ್ತದೆ. ಮೊಗ್ಗಿನೊಳಗೆ ಹೂವು ಆಗಲೇ ಮಡಚಿಕೊಂಡು ಕೂತಿದೆ, ಸಮಯ ಬಂದಾಗ ಬಿಚ್ಚಿಕೊಳ್ಳುತ್ತದೆ. ಈಗ ಗೋಡೆಯ ಮೇಲಿನ ಎರಡನೇ ಪ್ರಶ್ನೆ ನೋಡಿ. ಲೇಖಕ ಬಾಯಿ ತೆರೆಯುವ ಮೊದಲೇ ಪದವೇ ‘ಗುರಿ ಇದೆ’ ಎಂದು ಹೇಳಿಬಿಟ್ಟಿದೆ. ಇದು ಕನ್ನಡದ ಪಾಡು ಮಾತ್ರ ಅಲ್ಲ. ಇಂಗ್ಲಿಷಿನ ‘ಎವಲ್ಯೂಷನ್’ ಕೂಡ ಸುರುಳಿ ಬಿಚ್ಚುವ ಅರ್ಥದ್ದೇ. ಡಾರ್ವಿನ್‌ನ ಮೊದಲ ಮುದ್ರಣದಲ್ಲಿ ಆ ನಾಮಪದ ಇಲ್ಲ, ಪುಸ್ತಕದ ಕಟ್ಟಕಡೆಯ ಪದವಾಗಿ ಅದರ ಕ್ರಿಯಾರೂಪ ಒಮ್ಮೆ ಬರುತ್ತದೆ, ಅಷ್ಟೆ. ನಾಮಪದ ಒಳಗೆ ಬಂದದ್ದು 1872ರ ಆರನೇ ಮುದ್ರಣದಲ್ಲಿ.

ನೆರೆಹೊರೆಯ ಭಾಷೆಗಳನ್ನೂ ನೋಡಿ. ಮರಾಠಿಯಲ್ಲಿ ‘ಉತ್ಕ್ರಾಂತಿ’, ಅಂದರೆ ಮೇಲಕ್ಕೆ ಹೆಜ್ಜೆ. ತಮಿಳು, ತೆಲುಗು, ಮಲಯಾಳಗಳಲ್ಲಿ ‘ಪರಿಣಾಮ’, ಹಾಲು ಮೊಸರಾಗುವ ಸಾಂಖ್ಯರ ಪದ. ನಮ್ಮಲ್ಲಿ ‘ಪರಿಣಾಮ’ ಎಂದರೆ ಫಲ, ಪ್ರಭಾವ ಎಂದು ಬಳಕೆ ಗಟ್ಟಿಯಾಗಿರುವುದರಿಂದ ಅದು ಈ ಕೆಲಸಕ್ಕೆ ಒದಗುವುದಿಲ್ಲ. ಒಬ್ಬೊಬ್ಬರು ಒಂದೊಂದು ಪದ ಹಿಡಿದು, ಆ ಪದ ಯಾವ ಚಿತ್ರವನ್ನು ಒಳಗೆ ಕಳ್ಳಸಾಗಣೆ ಮಾಡುತ್ತದೆ ಎಂದು ಒಂದು ಚೀಟಿಯಲ್ಲಿ ಬರೆಯಲಿ.

‘ಆಯ್ಕೆ’ ಇನ್ನೊಂದು ತೊಡಕು. ಬೀಜಕ್ಕೆ ಗೋಟಡಿಕೆ ಆರಿಸುವಾಗ ಆರಿಸುವವನು ಒಬ್ಬ ಇರುತ್ತಾನೆ: ಯಾವ ಮರ, ಯಾವ ಗೊನೆ, ಎಷ್ಟು ತೂಕ ಎಂದು ನೋಡುತ್ತಾನೆ. ‘ನಿಸರ್ಗದ ಆಯ್ಕೆ’ ಎಂದ ಕೂಡಲೇ ನಿಸರ್ಗವೂ ಹಾಗೆ ತೋಟ ಸುತ್ತುವ ಯಜಮಾನ ಎನಿಸುತ್ತದೆ. ಡಾರ್ವಿನ್‌ಗೇ ಈ ಇರಿಸುಮುರಿಸು ಇತ್ತು. ಮತ್ತೆ ಮೊದಲಿನಿಂದ ಶುರು ಮಾಡುವುದಾದರೆ ‘ನೈಸರ್ಗಿಕ ಉಳಿಕೆ’ ಎಂಬ ಅರ್ಥದ ಪದ ಬಳಸುತ್ತಿದ್ದೆ ಎಂದು 1860ರಲ್ಲಿ ಭೂವಿಜ್ಞಾನಿ ಗೆಳೆಯ ಲಯಲ್‌ಗೆ ಪತ್ರ ಬರೆದ.

ಎಲ್ಲಕ್ಕಿಂತ ಹೆಚ್ಚು ಹಾನಿ ಮಾಡಿದ್ದು ‘ಬಲಿಷ್ಠರ ಉಳಿವು’. ಮೂಲ ಮಾತು ಡಾರ್ವಿನ್‌ನದಲ್ಲ, 1864ರಲ್ಲಿ ಇಂಗ್ಲೆಂಡಿನ ಚಿಂತಕ ಹರ್ಬರ್ಟ್ ಸ್ಪೆನ್ಸರ್ ಹುಟ್ಟಿಸಿದ್ದು. ಡಾರ್ವಿನ್ ಅದನ್ನು ತನ್ನ ಪುಸ್ತಕಕ್ಕೆ ತೆಗೆದುಕೊಂಡದ್ದು 1869ರ ಐದನೇ ಮುದ್ರಣದಲ್ಲಿ. ಮೂಲದಲ್ಲಿ ಬಲದ ಮಾತೇ ಇಲ್ಲ, ಹೊಂದಿಕೆಯ ಮಾತು. ಮಲೆನಾಡು ಗಿಡ್ಡದ ಪಕ್ಕದಲ್ಲಿ ಜರ್ಸಿ ಹಸು ನಿಲ್ಲಿಸಿ, ತೂಕದಲ್ಲಿ ಯಾರು ಬಲಿಷ್ಠರು ಎಂದು ಕೇಳಬೇಕಾಗಿಲ್ಲ. ಆದರೆ ಎಡೆಬಿಡದ ಮಳೆಯಲ್ಲಿ ಗುಡ್ಡ ಹತ್ತಿ ಮೇಯ್ದು, ಕಡಿಮೆ ಮೇವಿನಲ್ಲಿ ಬದುಕಿ ಕರು ಹಾಕುವುದು ಯಾವುದು? ‘ಬಲಿಷ್ಠ’ ಎಂದು ಅನುವಾದಿಸಿದ ವಾಕ್ಯ ಎಲ್ಲಿ ಸಿಕ್ಕರೂ ಆ ಚೀಟಿಯ ಮೂಲೆಯಲ್ಲಿ ಕೆಂಪು ಚುಕ್ಕಿ ಇಡಿ. ಮುಂದಿನ ಸಾಲುಗಳಲ್ಲಿ ಆ ಲೇಖಕ ಜೀವಶಾಸ್ತ್ರ ಬಿಟ್ಟು ಸಮಾಜಕ್ಕೆ, ಜಾತಿಗೆ, ದೇಶಕ್ಕೆ ಹಾರುವ ಸಂಭವ ಹೆಚ್ಚು. ಜಾತಿಯಿಂದ ತಳಿಶುದ್ಧಿ ಎಂಬ ವಾದವನ್ನು ಅಂಬೇಡ್ಕರ್ 1936ರ ‘ಜಾತಿ ವಿನಾಶ’ದಲ್ಲಿ ಎದುರಿಸಿದ ಪುಟಗಳನ್ನು ಇಂಥ ಚೀಟಿಯ ಜೊತೆಗಿಟ್ಟು ಓದಿ.

ಮೂರನೇ ಕೂಟ: ಗದ್ದೆಯಂಚು ಕಡಿದವನು

ಕನ್ನಡದ ವಿಕಾಸ ಚಿಂತನೆಗೆ ನೀರು ಹರಿದುಬಂದ ಒಂದು ದೊಡ್ಡ ಕಾಲುವೆ ವಿವೇಕಾನಂದರು. 1896ರ ‘ರಾಜಯೋಗ’ದಲ್ಲಿ ಅವರು ಡಾರ್ವಿನ್‌ನ ಎದುರಿಗೆ ಪತಂಜಲಿಯನ್ನು ನಿಲ್ಲಿಸುತ್ತಾರೆ. ಒಂದು ಜೀವಜಾತಿ ಇನ್ನೊಂದಾಗುವುದು ಪ್ರಕೃತಿ ತುಂಬಿ ಹರಿಯುವುದರಿಂದ ಎನ್ನುತ್ತದೆ ಸೂತ್ರ. ಮುಂದಿನ ಸೂತ್ರದ ಕಡೆಯ ಪದ ‘ಕ್ಷೇತ್ರಿಕವತ್’, ಅಂದರೆ ರೈತನ ಹಾಗೆ.

ಈ ಪದವನ್ನು ಪುಸ್ತಕದಲ್ಲಿ ಬಿಡಿಸಬೇಡಿ, ಗದ್ದೆಗೆ ಕರೆದುಕೊಂಡು ಹೋಗಿ. ಮೇಲಿನ ಗದ್ದೆಯಲ್ಲಿ ನೀರು ನಿಂತಿದೆ. ರೈತ ನೀರನ್ನು ಹೊತ್ತು ತರುವುದಿಲ್ಲ, ನೂಕುವುದಿಲ್ಲ. ಗುದ್ದಲಿಯಿಂದ ಅಂಚನ್ನು ಒಂದು ಗೇಣು ಕಡಿಯುತ್ತಾನೆ, ನೀರು ತಾನೇ ಕೆಳಗಿನ ಗದ್ದೆಗೆ ಇಳಿಯುತ್ತದೆ. ವಿವೇಕಾನಂದರ ವಾದ ಇಷ್ಟೇ: ಪೂರ್ಣತೆ ಒಳಗೇ ಇದೆ, ಅಡ್ಡಿ ತೆಗೆದರೆ ಸಾಕು. ಹೋರಾಟ, ಪೈಪೋಟಿ ವಿಕಾಸಕ್ಕೆ ಅಗತ್ಯವಲ್ಲ. ಪೈಪೋಟಿ ನಿಂತರೂ ವಿಕಾಸ ನಿಲ್ಲುವುದಿಲ್ಲ. ಒಳಗೆ ಅಡಗಿರದ ಯಾವುದೂ ಹೊರಗೆ ಬರಲಾರದು.

ಅಲ್ಲೇ ಅಂಚಿನ ಮೇಲೆ ನಿಂತು ಮೂರು ಪ್ರಶ್ನೆ ಹಾಕಿ. ಗುಂಪೋ ಜೀವಿಯೋ? ಒಬ್ಬ ಜೀವಾತ್ಮ. ಗುರಿ? ಇದೆ, ಮೇಲಿನ ಗದ್ದೆಯಲ್ಲಿ ಮೊದಲೇ ತುಂಬಿದೆ. ಸತ್ತವರ ಲೆಕ್ಕ? ಇಲ್ಲ. ಅಂಗಳದ ಅಲಸಂದೆಗೂ ಗದ್ದೆಯ ನೀರಿಗೂ ಇರುವ ದೂರ ಆಗ ಕಣ್ಣಿಗೆ ಕಾಣುತ್ತದೆ. ಇಷ್ಟಾದ ಮೇಲೆ ‘ವಿವೇಕಾನಂದರು ಡಾರ್ವಿನ್‌ನನ್ನು ಮೀರಿದರು’ ಎಂದು ಒಬ್ಬರು, ‘ಅವರಿಗೆ ಅರ್ಥವಾಗಲಿಲ್ಲ’ ಎಂದು ಇನ್ನೊಬ್ಬರು ಎದ್ದು ನಿಲ್ಲುತ್ತಾರೆ. ಎರಡೂ ಮಾತು ಚೀಟಿಗೆ ಬಾರದಿರಲಿ. ಅವರು ಉತ್ತರ ಕೊಡುತ್ತಿದ್ದ ಪ್ರಶ್ನೆ ಬೇರೆ: ಮನುಷ್ಯ ಮೃಗದಿಂದ ಬಂದಿದ್ದರೆ ಅವನ ಮುಂದಿನ ದಾರಿಯೂ ಕಚ್ಚಾಟವೇ ಆಗಬೇಕೆ? ಬಳಗ ಬರೆದುಕೊಳ್ಳಬೇಕಾದದ್ದು ಆ ಪ್ರಶ್ನೆಯನ್ನು.

ದಶಾವತಾರದ ವಿಷಯ ಈ ಕೂಟದಲ್ಲೇ ತಲೆಯೆತ್ತುತ್ತದೆ. ಮೀನು, ಆಮೆ, ಹಂದಿ, ನರಸಿಂಹ, ವಾಮನ, ನೋಡಿ ಎಲ್ಲ ಇದೆ ಎಂದು. ತಡೆಯಬೇಡಿ, ಹದಿನೈದು ನಿಮಿಷ ಕೊಡಿ. ಈ ಹೋಲಿಕೆ ಪುರಾಣದಷ್ಟು ಹಳೆಯದಲ್ಲ. ಥಿಯಾಸಫಿಯ ಬ್ಲಾವಟ್ಸ್ಕಿ 1877ರಲ್ಲಿ ಬರೆದರು, ಬಂಗಾಳದ ಕೇಶವಚಂದ್ರ ಸೇನ್ 1882ರ ಉಪನ್ಯಾಸದಲ್ಲಿ ಹೇಳಿದರು, ಅಲ್ಲಿಂದ ಹಬ್ಬಿತು. ಅಂದರೆ ಅದು ಡಾರ್ವಿನ್ ಬಂದಮೇಲೆ ಹುಟ್ಟಿದ ಓದು, ಸ್ವೀಕಾರದ ಒಂದು ಬಗೆ. ಹಾಗೆಂದೇ ಒಂದು ಚೀಟಿ ಮಾಡಿ, ಮುಂದೆ ಹೋಗಿ.

ನಾಲ್ಕನೇ ಕೂಟ: ಹೊರಗಿನ ಒಂದು ಕನ್ನಡಿ

ನಮ್ಮದನ್ನೇ ನೋಡುತ್ತಾ ಕೂತರೆ ಎಲ್ಲವೂ ‘ಭಾರತೀಯ ಮನಸ್ಸು’ ಎಂಬ ಚೀಲಕ್ಕೆ ಬೀಳುತ್ತದೆ. ಅದನ್ನು ತಪ್ಪಿಸಲು ಒಂದು ಸಣ್ಣ ನಾಡನ್ನು ಪಕ್ಕಕ್ಕಿಡಿ. ಎಸ್ಟೋನಿಯಾ ಒಳ್ಳೆಯ ಆಯ್ಕೆ. ಇವತ್ತು ಅಲ್ಲಿರುವುದು ಸುಮಾರು 13 ಲಕ್ಷ ಜನ. 2011ರ ಜನಗಣತಿಯಲ್ಲಿ ಶಿವಮೊಗ್ಗ ಜಿಲ್ಲೆಯೊಂದರಲ್ಲೇ 17.5 ಲಕ್ಷ.

ಕಾರ್ಲ್ ಅರ್ನ್‌ಸ್ಟ್ ಫಾನ್ ಬೇರ್ 1792ರಲ್ಲಿ ಎಸ್ಟೋನಿಯಾದ ಪೀಬೆ ಎಂಬಲ್ಲಿ ಹುಟ್ಟಿದವನು. ಸಸ್ತನಿಗಳ ಅಂಡಾಣುವನ್ನು 1827ರಲ್ಲಿ ಮೊದಲು ಕಂಡುಹಿಡಿದವನು. ಭ್ರೂಣದ ಬೆಳವಣಿಗೆ ಕುರಿತ ಅವನ ಕೆಲಸವನ್ನು ಡಾರ್ವಿನ್ ಗೌರವದಿಂದ ಬಳಸಿಕೊಂಡ. ಮುಪ್ಪಿನಲ್ಲಿ ಟಾರ್ಟು ನಗರಕ್ಕೆ ಮರಳಿದ ಬೇರ್, ತಾನು ತೀರಿಹೋದ 1876ರಲ್ಲೇ ಡಾರ್ವಿನ್‌ನ ಸಿದ್ಧಾಂತದ ಮೇಲೆ ದೀರ್ಘ ವಿಮರ್ಶೆ ಪ್ರಕಟಿಸಿದ. ಹತ್ತಿರದ ಜೀವಿಗಳ ನಡುವೆ ಒಂದು ಇನ್ನೊಂದಾಗುವುದನ್ನು ಅವನು ಪೂರ್ತಿ ತಳ್ಳಲಿಲ್ಲ. ಆದರೆ ಬರೀ ಆಕಸ್ಮಿಕ ವ್ಯತ್ಯಾಸ ಮತ್ತು ಸಾವಿನಿಂದ ಇದೆಲ್ಲ ಆಗುತ್ತದೆಂದು ನಂಬಲು ಅವನಿಂದ ಆಗಲಿಲ್ಲ. ಮೊಟ್ಟೆಯೊಳಗೆ ಮರಿ ರೂಪುಗೊಳ್ಳುವುದನ್ನು ವರ್ಷಗಟ್ಟಲೆ ಸೂಕ್ಷ್ಮದರ್ಶಕದಲ್ಲಿ ನೋಡಿದವನಿಗೆ ಪ್ರಕೃತಿಯಲ್ಲಿ ‘ಗುರಿಯತ್ತ ಸಾಗುವ ಗುಣ’ ಕಾಣಿಸಿತು. ಯಾರೋ ಯೋಚಿಸಿ ಇಟ್ಟ ಉದ್ದೇಶಕ್ಕೂ ಈ ಗುಣಕ್ಕೂ ವ್ಯತ್ಯಾಸ ಕಾಣಿಸಲು ಬೇರೆಯದೇ ಜರ್ಮನ್ ಪದ ಬಳಸಿದ.

ಗೋಡೆಯ ಪ್ರಶ್ನೆಗಳನ್ನು ಬೇರ್‌ಗೂ ಹಾಕಿ. ಗುರಿ ಇದೆ, ಸತ್ತವರು ಮೂಲೆಗೆ ಸರಿದಿದ್ದಾರೆ. ವೇದಾಂತ ಓದದವನು, ಯೋಗಸೂತ್ರದ ಹಂಗಿಲ್ಲದವನು, ಸುಮಾರು ಅದೇ ಜಾಗಕ್ಕೆ ಬಂದು ನಿಂತ. ಅಂದಮೇಲೆ ಕನ್ನಡದ ಬರಹದಲ್ಲಿ ಗುರಿ ಕಂಡಾಗಲೆಲ್ಲ ‘ಇದು ಅಧ್ಯಾತ್ಮದ ಪ್ರಭಾವ’ ಎಂದು ಷರಾ ಬರೆಯುವ ಹಾಗಿಲ್ಲ. ಆ ಲೇಖಕ ದಿನಾ ಏನನ್ನು ನೋಡುತ್ತಿದ್ದ ಎಂದೂ ಕೇಳಬೇಕು. ಇನ್ನೊಂದು ಸಾಮ್ಯ: ಬೇರ್ ಬರೆದದ್ದು ಜರ್ಮನ್‌ನಲ್ಲಿ, ಊರ ಜನರ ಎಸ್ಟೋನಿಯನ್‌ನಲ್ಲಲ್ಲ. ಟಾರ್ಟು ವಿಶ್ವವಿದ್ಯಾಲಯ ಎಸ್ಟೋನಿಯನ್ ಭಾಷೆಗೆ ತೆರೆದುಕೊಂಡದ್ದು 1919ರಲ್ಲಿ, ಇಲ್ಲಿ ‘ವಿಜ್ಞಾನ’ ಪತ್ರಿಕೆ ಕನ್ನಡದ ಪದ ಹುಡುಕುತ್ತಿದ್ದ ಆಸುಪಾಸಿನಲ್ಲೇ.

ಬಿಡುವಿದ್ದರೆ ಅದೇ ನಾಡಿನ ಜೀವವಿಜ್ಞಾನಿ ಯಾಕೊಬ್ ಫಾನ್ ಯುಕ್ಸ್‌ಕ್ಯೂಲ್‌ನನ್ನೂ ಮುಟ್ಟಿ. ಹುಟ್ಟಿದ್ದು 1864, ಡಾರ್ವಿನ್‌ವಾದಕ್ಕೆ ಒಲಿಯದವನು. ಅವನ ಪ್ರಸಿದ್ಧ ಉದಾಹರಣೆ ಉಣುಗು: ಕಣ್ಣಿಲ್ಲ, ಬೆವರಿನ ಹುಳಿವಾಸನೆ, ಮೈಯ ಬಿಸಿ, ಕೂದಲಿಲ್ಲದ ಚರ್ಮದ ಸ್ಪರ್ಶ, ಇಷ್ಟೇ ಅದರ ಜಗತ್ತು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರಿನ ಕಾಡಿನಿಂದ ಉಣುಗು ಹರಡುವ ಮಂಗನ ಕಾಯಿಲೆ ಹೊರಬಿದ್ದ ಜಿಲ್ಲೆಯಲ್ಲಿ ಉಣುಗಿನ ಪರಿಚಯ ಮಾಡಿಕೊಡುವ ಅಗತ್ಯವಿಲ್ಲ.

ಐದನೇ ಕೂಟ: ಕುಪ್ಪಳಿಯ ಒಂದೇ ಮನೆ, ಎರಡು ವಿಕಾಸ

ಈ ಕೂಟಕ್ಕೆ ಎರಡು ಗಂಟೆ ಸಾಲುವುದಿಲ್ಲ, ಮೂರು ಇಟ್ಟುಕೊಳ್ಳಿ. ಕುವೆಂಪು ರಾಮಕೃಷ್ಣ ಆಶ್ರಮದಿಂದ ದೀಕ್ಷೆ ಪಡೆದವರು, ವಿವೇಕಾನಂದರ ಜೀವನಚರಿತ್ರೆ ಬರೆದವರು. ‘ಶ್ರೀ ರಾಮಾಯಣ ದರ್ಶನಂ’ನಲ್ಲಿ ಅರವಿಂದರ ದರ್ಶನದ ಎಳೆಗಳನ್ನು ವಿಮರ್ಶಕರು ಗುರುತಿಸಿದ್ದಾರೆ. ಜಡದಿಂದ ಪ್ರಾಣ, ಪ್ರಾಣದಿಂದ ಮನಸ್ಸು, ಮನಸ್ಸಿನಿಂದಾಚೆಗೆ ಇನ್ನೂ ಮೇಲೆ, ಇದು ಅರವಿಂದರ ವಿಕಾಸ. ಇಲ್ಲಿ ಚಲನೆ ಲಂಬವಾಗಿದೆ.

ಮಗ ತೇಜಸ್ವಿಯ 1980ರ ‘ಕರ್ವಾಲೊ’ದಲ್ಲಿ ವಿಜ್ಞಾನಿ, ರೈತ, ಕಾಡು ಬಲ್ಲ ಮಂದಣ್ಣ ಇವರೆಲ್ಲ ಹಾರುವ ಓತಿಯೊಂದರ ಬೆನ್ನು ಹತ್ತುತ್ತಾರೆ. ಚಲನೆ ಅಡ್ಡಡ್ಡ: ಹಳ್ಳ, ದಿಣ್ಣೆ, ಕಾಡು. ವಿಕಾಸವೆಂಬುದು ಇಲ್ಲಿ ಕೈಗೆ ಸಿಗಬಹುದಾದ, ಸಿಗದೆಯೂ ಹೋಗಬಹುದಾದ ಒಂದು ಪ್ರಾಣಿ. ಕಡೆಗೆ ಓತಿ ಕಮರಿಯತ್ತ ತೇಲಿಹೋಗುತ್ತದೆ.

‘ಅಪ್ಪ ಅಧ್ಯಾತ್ಮ, ಮಗ ವಿಜ್ಞಾನ’ ಎಂಬ ಸುಲಭದ ಚೀಟಿ ಕನಿಷ್ಠ ಮೂವರಿಂದ ಬರುತ್ತದೆ. ಅದನ್ನು ವಾಪಸ್ ಕೊಡಿ. ವಿದ್ಯಾರ್ಥಿಗಳಿಗೆ ನಿರಂಕುಶಮತಿಗಳಾಗಿ ಎಂದು ಕರೆಕೊಟ್ಟದ್ದು ಅಪ್ಪನೇ. ಮಗನ ಕಾದಂಬರಿಯ ಕೊನೆಯಲ್ಲಿ ಉಳಿಯುವ ಬೆರಗು ಪ್ರಯೋಗಶಾಲೆಯದಲ್ಲ. ಒಂದೊಂದು ವಾಕ್ಯ ಹಿಡಿದು ಮೂರು ಪ್ರಶ್ನೆ ಹಾಕುವುದೊಂದೇ ದಾರಿ.

ಓತಿಯನ್ನು ತೋಟದಲ್ಲಿ ನೋಡದೆ ಈ ಕೂಟ ಪೂರ್ತಿಯಾಗದು, ಆದರೆ ಮಳೆಗಾಲದಲ್ಲಿ ಅದು ಕಣ್ಣಿಗೆ ಬೀಳುವುದು ಕಷ್ಟ. ಈ ಭಾಗವನ್ನು ಫೆಬ್ರವರಿ, ಮಾರ್ಚ್‌ಗೆ ಮುಂದೂಡಿ. ಬಿಸಿಲೇರಿದ ಹೊತ್ತು, ಬೆಳಿಗ್ಗೆ ಒಂಬತ್ತರಿಂದ ಹನ್ನೊಂದು, ಹಳೆಯ ಅಡಿಕೆ ತೋಟ. ಇಬ್ಬಿಬ್ಬರಾಗಿ ನಿಲ್ಲಿ, ಓಡಾಡಬೇಡಿ. ಮರದ ತೊಗಟೆಯನ್ನು ನೋಡಬೇಡಿ, ಚಲನೆಗೆ ಕಾಯಿರಿ. ಬಾಲ ಸೇರಿ ಒಂದು ಗೇಣಿನಷ್ಟಿರುವ ಪ್ರಾಣಿ ತೊಗಟೆಯ ಬಣ್ಣದಲ್ಲೇ ಅಂಟಿಕೊಂಡಿರುತ್ತದೆ. ಗಂಡು ಗಂಟಲ ಕೆಳಗಿನ ಹಳದಿ ಚರ್ಮವನ್ನು ಬಾವುಟದಂತೆ ಆಡಿಸಿದಾಗ ಮಾತ್ರ ಸಿಕ್ಕಿಬೀಳುತ್ತದೆ. ಇರುವೆ ತಿನ್ನುತ್ತಾ ಮೇಲೇರುತ್ತದೆ, ತುದಿ ತಲುಪಿ ಜಿಗಿದು ಮುಂದಿನ ಮರದ ಬುಡದ ಕಡೆ ತೇಲುತ್ತದೆ.

ಅದು ರೆಕ್ಕೆ ಬಿಚ್ಚಿದ ಕ್ಷಣವನ್ನು ಫೋನಿನಲ್ಲಿ ಹಿಡಿದರೆ ದೊಡ್ಡದು ಮಾಡಿ ನೋಡಿ. ಪಕ್ಕೆಲುಬುಗಳೇ ಉದ್ದಕ್ಕೆ ಚಾಚಿ, ಕೊಡೆಯ ಕಡ್ಡಿಗಳ ಹಾಗೆ ಚರ್ಮವನ್ನು ಹಿಡಿದಿವೆ. ಮುಂಗಾಲು ಮುಂಗಾಲಾಗಿಯೇ ಉಳಿದಿದೆ. ಹಕ್ಕಿಯ ರೆಕ್ಕೆ ಅದರ ಮುಂಗಾಲು. ಬಾವಲಿಯದು ಬೆರಳುಗಳು. ಅದೇ ಕಾಡಿನ ಹಾರುಬೆಕ್ಕಿಗೆ ಮುಂಗಾಲು ಹಿಂಗಾಲುಗಳ ನಡುವಿನ ತೊಗಲು, ಹಾರುವ ಕಪ್ಪೆಗೆ ಪಾದದ ಪೊರೆ. ಆದ್ದರಿಂದ ಓತಿ ಹಕ್ಕಿಯಾಗುವ ದಾರಿಯಲ್ಲಿ ಅರ್ಧಕ್ಕೆ ನಿಂತದ್ದಲ್ಲ. ಹಲ್ಲಿಯ ಮೇಲೆ ಓತಿ, ಓತಿಯ ಮೇಲೆ ಹಕ್ಕಿ ಎಂಬ ಏಣಿ ಇಲ್ಲವೇ ಇಲ್ಲ. ಮರದಿಂದ ಮರಕ್ಕೆ ನೆಲ ಮುಟ್ಟದೆ ಹೋಗಬೇಕೆಂಬ ಒಂದೇ ಕಷ್ಟಕ್ಕೆ ಬೇರೆ ಬೇರೆ ವಂಶಗಳು ಕೈಗೆ ಸಿಕ್ಕ ಸಾಮಾನಿನಲ್ಲಿ ಮಾಡಿಕೊಂಡ ದುರಸ್ತಿ ಇವು. ಕನ್ನಡದ ಬರಹಗಳಲ್ಲಿ ‘ಕೊಂಡಿ’ ಎಂಬ ಮಾತು ಬಂದಲ್ಲೆಲ್ಲ ಈ ಪಕ್ಕೆಲುಬು ನೆನಪಿರಲಿ. ಸರಪಳಿಯ ಕೊಂಡಿ ಎಂದರೆ ಏಣಿಯ ಚಿತ್ರ, ಕವಲಿನ ಕೊಂಬೆ ಎಂದರೆ ಡಾರ್ವಿನ್‌ನ ಚಿತ್ರ. ಲೇಖಕ ಯಾವುದನ್ನು ಬಳಸಿದ್ದಾನೆ?

ಕಾರಂತರನ್ನೂ ಸಸ್ಯವಿಜ್ಞಾನಿ ಬಿ.ಜಿ.ಎಲ್. ಸ್ವಾಮಿಯವರನ್ನೂ ಇದೇ ವಾರ ಓದಿಬಿಡಬಹುದು, ಅಲ್ಲಿ ತೊಡಕು ಕಡಿಮೆ. ಇಬ್ಬರೂ ವಿವರ ಕೊಡಲು ಕೂತವರು, ದರ್ಶನ ಕಟ್ಟಲು ಅಲ್ಲ. ಪದಗಳ ಚೀಟಿ ಮಾತ್ರ ಮಾಡಿಕೊಳ್ಳಿ.

ಚೀಟಿ ಬರೆಯುವ ಬಗೆ, ವಿಂಗಡಿಸುವ ಬಗೆ

ಒಂದು ಚೀಟಿಗೆ ಒಂದೇ ವಾಕ್ಯ, ಲೇಖಕರದೇ ಮಾತಿನಲ್ಲಿ. ಸಾರಾಂಶ ಬರೆದ ಚೀಟಿ ದಂಡ. ನಾಲ್ಕು ವಾರದ ಮೇಲೆ ಅದು ಲೇಖಕರ ಅಭಿಪ್ರಾಯವೋ ಬರೆದವರದೋ ಯಾರಿಗೂ ತಿಳಿಯುವುದಿಲ್ಲ. ಮೇಲೆ ಎಡಕ್ಕೆ ಲೇಖಕ, ಪುಸ್ತಕ, ಪುಟ. ಬಲಕ್ಕೆ ಮೊದಲು ಅಚ್ಚಾದ ವರ್ಷ. ಕೈಯಲ್ಲಿರುವ ಮರುಮುದ್ರಣದ ವರ್ಷ ಬರೆದು ಕೆಡುವುದು ತೀರಾ ಸಾಮಾನ್ಯ: ಐವತ್ತರ ದಶಕದ ಲೇಖನ ಎರಡು ಸಾವಿರದ ದಶಕದ್ದಾಗಿ, ಉತ್ತರ ಪ್ರಶ್ನೆಗಿಂತ ಮೊದಲೇ ಹುಟ್ಟಿದಂತಾಗುತ್ತದೆ. ಕೆಳಗೆ ಮೂರು ಪ್ರಶ್ನೆಗಳ ಉತ್ತರ, ಒಂದೊಂದು ಪದದಲ್ಲಿ.

ಆರನೇ ವಾರ ಎಲ್ಲ ಚೀಟಿಗಳನ್ನು ಜಮಖಾನದ ಮೇಲೆ ಸುರಿದು ಐದು ಗುಡ್ಡೆ ಮಾಡಿ. ಹೆಸರು ಸರಳವಿರಲಿ. ಅಂಗಳ: ಗುಂಪು ಬದಲಾಗುತ್ತದೆ, ಗುರಿ ಇಲ್ಲ, ಸಾವಿದೆ. ಗದ್ದೆ: ಒಳಗಿದ್ದದ್ದು ಹೊರಬರುತ್ತದೆ. ಏಣಿ: ಎಲ್ಲವೂ ಮನುಷ್ಯನ ಕಡೆಗೆ ಹತ್ತುತ್ತಿವೆ. ಜಟ್ಟಿ: ಬಲಿಷ್ಠ ಗೆಲ್ಲುತ್ತಾನೆ, ಗೆಲ್ಲಬೇಕು. ಐದನೆಯದು ಅಭ್ಯಾಸ: ಕತ್ತು ಚಾಚಿ ಚಾಚಿ ಜಿರಾಫೆಗೆ ಉದ್ದ ಕತ್ತು ಬಂತು ಎಂಬ, ಡಾರ್ವಿನ್‌ಗಿಂತ ಮೊದಲಿನ ಫ್ರೆಂಚ್ ಜೀವವಿಜ್ಞಾನಿ ಲಮಾರ್ಕನ ಬಗೆ. ಈ ಕಡೆಯ ಗುಡ್ಡೆ ನೀವು ನೆನೆದದ್ದಕ್ಕಿಂತ ಎತ್ತರವಾಗುತ್ತದೆ, ಯಾಕೆಂದರೆ ಕನ್ನಡದಲ್ಲಿ ‘ಪರಿಸರಕ್ಕೆ ಹೊಂದಿಕೊಂಡಿತು’ ಎಂಬ ಕ್ರಿಯಾಪದ ಜೀವಿಯೇ ಪ್ರಯತ್ನಪಟ್ಟು ಮಾಡಿದ ಕೆಲಸದಂತೆ ಕೇಳಿಸುತ್ತದೆ. ಅಂಥ ಚೀಟಿಯನ್ನು ಒಂದೇ ವಾಕ್ಯ ನೋಡಿ ‘ಅಭ್ಯಾಸ’ಕ್ಕೆ ಹಾಕಬೇಡಿ, ಹಿಂದಿನ ಮುಂದಿನ ಪ್ಯಾರಾ ಓದಿ. ಸಾವಿನ ಮಾತು ಅಲ್ಲೆಲ್ಲಾದರೂ ಇದ್ದರೆ ಅದು ‘ಅಂಗಳ’ದ್ದೇ, ಕ್ರಿಯಾಪದ ಮಾತ್ರ ದಾರಿ ತಪ್ಪಿಸಿದ್ದು.

ಒಬ್ಬರೇ ಲೇಖಕ ಮೂರು ಗುಡ್ಡೆಯಲ್ಲಿ ಸಿಕ್ಕರೆ ಗಾಬರಿ ಬೇಡ, ಒಂದೇ ಗುಡ್ಡೆಗೆ ಎಳೆಯಲೂ ಬೇಡ. ಆ ಚೀಟಿಗಳನ್ನು ವರ್ಷದ ಪ್ರಕಾರ ಜೋಡಿಸಿ ನೋಡಿ. ಕೆಲವೊಮ್ಮೆ ವಯಸ್ಸಾದಂತೆ ಅಂಗಳದಿಂದ ಗದ್ದೆಗೆ ನಡೆದಿರುತ್ತಾರೆ, ಕೆಲವೊಮ್ಮೆ ಮಕ್ಕಳಿಗೆ ಬರೆಯುವಾಗ ಒಂದು, ದೊಡ್ಡವರಿಗೆ ಬರೆಯುವಾಗ ಇನ್ನೊಂದು.

ಯಾವ ಗುಡ್ಡೆಗೂ ಸೇರದೆ ಹತ್ತಿಪ್ಪತ್ತು ಚೀಟಿ ಉಳಿಯುತ್ತವೆ. ಅವನ್ನು ರಬ್ಬರ್‌ಬ್ಯಾಂಡ್ ಹಾಕಿ ಬೇರೆ ಇಡಿ, ಮುಂದಿನ ವರ್ಷದ ಬಳಗ ಶುರು ಮಾಡಬೇಕಾದದ್ದು ಅವುಗಳಿಂದಲೇ. ಉಳಿದವನ್ನು ಮುಚ್ಚಳ ಬಿಗಿಯಾದ ಬಿಸ್ಕತ್ತಿನ ಡಬ್ಬಿಯಲ್ಲಿ ತುಂಬಿ, ಅಟ್ಟದಲ್ಲಲ್ಲ, ಒಲೆಯ ಬೆಚ್ಚಗಿರುವ ಗೋಡೆಯ ಪಕ್ಕ ಇಡಿ. ಅಟ್ಟಕ್ಕೆ ಹೋದರೆ ಯುಗಾದಿಯ ಹೊತ್ತಿಗೆ ಗೆದ್ದಲು.